ಹನ್ನೊಂದು ಹಂಪ್ ದಾಟಿಸುವ ಲೈಟಕ್ಕ

ಬೆಳಗಿನ ಐದೂವರೆ. ಗ್ಯಾರೇಜಿನ ಮುಂದಿನ ಸಿಮೆಂಟ್ ಅಂಗಳದಲ್ಲಿ ಹಸಿರು ಬಣ್ಣದ ವಿದೇಶಿ ವ್ಯಾನ್ ನಿಂತಿದೆ. ಅದಕ್ಕೆ ಸಿಕ್ಕಿಸಿದ ಟ್ರೈಲರಿನ ಮೇಲೆ ಮೂವತ್ತೆರಡು ಜೇನುಪೆಟ್ಟಿಗೆಗಳು. ಬಾಯಿಗೆ ಜಾಲರಿ ಬಡಿದಿರುವ ಆ ಪೆಟ್ಟಿಗೆಗಳೊಳಗಿಂದ ಒಂದೇ ಸಮನೆ ಗುಂಯ್ ಎನ್ನುವ ಸದ್ದು. ವ್ಯಾನಿನ ಅಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಚಾಚಿವೆ. ಒಂದರಲ್ಲಿ ಚಪ್ಪಲಿ ಇದೆ, ಇನ್ನೊಂದರಲ್ಲಿ ಇಲ್ಲ.

"ಬ್ರೇಕ್ ಒತ್ತಿ ಯಜಮಾನ್ರೇ!" ಎಂದು ಆ ಕಾಲುಗಳ ಒಡತಿ ಕೂಗುತ್ತಾರೆ.

"ಒತ್ತಿದೆ ಕಣಕ್ಕಾ," ಎನ್ನುತ್ತಾರೆ ಡ್ರೈವರ್ ಸೀಟಿನಲ್ಲಿ ಕೂತ ಜೇನುಸಾಕಣೆಯವರು.

"ಬಿಡಿ. ಎಡಗಡೆ ಇಂಡಿಕೇಟರ್ ಹಾಕಿ. ಈಗ ಅದ್ರ ಜೊತೆಗೇ ಬ್ರೇಕ್ ಒತ್ತಿ. ಅಯ್ಯೋ, ಒಂದಾದ್ಮೇಲೆ ಒಂದಲ್ಲ, ಎರಡೂ ಒಟ್ಟಿಗೆ!"

ಬಾಯಲ್ಲಿ ಪುಟ್ಟ ಟಾರ್ಚ್ ಕಚ್ಚಿಕೊಂಡೇ ಇಷ್ಟೆಲ್ಲ ಮಾತಾಡುವ ಈಕೆಗೆ ಐವತ್ತೊಂದು ವರ್ಷ. ಬೀದಿಗೆ ಬೀದಿಯೇ ಕರೆಯುವುದು ಲೈಟಕ್ಕ ಎಂದು. ಹೆಸರಿಟ್ಟ ಅಪ್ಪನೇ ಕೊನೆಗಾಲದಲ್ಲಿ ಹಾಗೆ ಕರೆಯತೊಡಗಿದ್ದರಂತೆ. ವ್ಯಾನಿನಡಿಯಿಂದ ಹೊರಬಂದವರು ಟ್ರೈಲರಿನ ಹಿಂದೆ ಓಡುತ್ತಾರೆ, ಕುಕ್ಕರಗಾಲಲ್ಲಿ ಕೂತು ದೀಪ ನೋಡುತ್ತಾರೆ, ಎದ್ದು ಮತ್ತೆ ಮುಂದಕ್ಕೆ ಬರುತ್ತಾರೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರ ಹಾಗೆ. ಗಂಡ ಲಾರಿ ಚಾಲಕ. ವಾರಕ್ಕೆರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಯಲ್ಲಿ ಕೂರಲು ಬಿಡದ ಕೆಲಸ ಅವರದು, ಎಲ್ಲೂ ಕೂರಲಾಗದ ಸ್ವಭಾವ ಇವರದು. ಹೇಗೋ ಹೊಂದಿಕೊಂಡಿದ್ದಾರೆ.

ಟ್ರೈಲರಿಗೆ ದೀಪ ಜೋಡಿಸುವುದೇನು ಮಹಾ ಕೆಲಸ ಎನ್ನುವವರಿದ್ದಾರೆ. ಹಳೆಯ ಗಾಡಿಗಳ ಕಾಲದಲ್ಲಿ ಅದು ಮಹಾ ಕೆಲಸವೇನೂ ಆಗಿರಲಿಲ್ಲ. ಗಾಡಿಯ ಹಿಂದಿನ ದೀಪದ ವೈರ್ ಸುಲಿದು ಟ್ರೈಲರಿನ ವೈರ್ ಸುತ್ತಿದರೆ ಮುಗಿಯಿತು. ಹೊರದೇಶದಿಂದ ಬರುವ ಈ ವ್ಯಾನುಗಳ ಹೊಟ್ಟೆಯಲ್ಲಿ ಕಂಪ್ಯೂಟರ್ ಇದೆ. ಪ್ರತಿ ಬಲ್ಬಿಗೂ ಎಷ್ಟು ಕರೆಂಟ್ ಹೋಯಿತು ಎಂದು ಅದು ಲೆಕ್ಕ ಇಡುತ್ತದೆ. ಒಂದು ಬಲ್ಬು ಹೆಚ್ಚಾದರೂ ಎಲ್ಲೋ ಕೆಟ್ಟಿದೆ ಎಂದುಕೊಂಡು ಆ ಸಾಲನ್ನೇ ಆರಿಸಿಬಿಡುತ್ತದೆ. ಅದಕ್ಕೇ ಲೈಟಕ್ಕ ನಡುವೆ ಒಂದು ಚಿಕ್ಕ ಪೆಟ್ಟಿಗೆ ಕೂರಿಸುತ್ತಾರೆ. ಕರೆಂಟ್ ನೇರವಾಗಿ ಬ್ಯಾಟರಿಯಿಂದ, ಸೂಚನೆ ಮಾತ್ರ ವ್ಯಾನಿನಿಂದ. "ವ್ಯಾನು ಕಿವಿಯಲ್ಲಿ ಹೇಳಿದ್ದನ್ನ ಈ ಪೆಟ್ಟಿಗೆ ಟ್ರೈಲರಿಗೆ ಕೂಗಿ ಹೇಳುತ್ತೆ. ವ್ಯಾನಿಗೆ ಗಂಟಲು ನೋವಿಲ್ಲ," ಎಂದು ವಿವರಿಸುತ್ತಾರೆ.

ಬಣ್ಣಗಳದ್ದು ಇನ್ನೊಂದು ತಲೆನೋವು. ಈ ವ್ಯಾನುಗಳಲ್ಲಿ ಕಂದು ವೈರ್ ಅಂದರೆ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸು ಬರುವ ದಾರಿ. ಇಲ್ಲಿನ ಟ್ರೈಲರುಗಳಲ್ಲಿ ಅದೇ ಕಂದು ವೈರ್ ಹಿಂದಿನ ದೀಪದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಕಥೆ. ಮೊದಲ ವ್ಯಾನಿನಲ್ಲಿ ಕಂದಿಗೆ ಕಂದು ಜೋಡಿಸಿ ಫ್ಯೂಸ್ ಸುಟ್ಟ ಮೇಲೆ ಲೈಟಕ್ಕ ಬಣ್ಣ ನಂಬುವುದನ್ನು ಬಿಟ್ಟರು. ಈಗ ಪ್ರತಿ ವೈರಿಗೂ ಟೆಸ್ಟ್ ಲ್ಯಾಂಪ್ ಮುಟ್ಟಿಸಿ, ಬಿಳಿ ಪಟ್ಟಿ ಅಂಟಿಸಿ, ತಮ್ಮದೇ ಗುರುತು ಬರೆಯುತ್ತಾರೆ.

ವಿಚಿತ್ರವೆಂದರೆ ಅವರು ಈ ವಿದ್ಯೆಗೆ ಬಂದದ್ದೇ ಬಣ್ಣ ಹೇಳುವ ಕೆಲಸದಿಂದ. ಅಪ್ಪ ಇದೇ ಗ್ಯಾರೇಜಿನಲ್ಲಿ ವೈರಿಂಗ್ ಮಾಡುತ್ತಿದ್ದವರು. ನಲವತ್ತೈದು ದಾಟುವಷ್ಟರಲ್ಲಿ ಕಣ್ಣು ಮಂಜಾಯಿತು. ಮಗಳು ಪಕ್ಕದಲ್ಲಿ ಕೂತು "ಇದು ಕೆಂಪು, ಇದು ಹಳದಿ" ಎನ್ನಬೇಕು, ಅಪ್ಪ ಬೆರಳಿನಲ್ಲೇ ಜೋಡಿಸಬೇಕು. ಎರಡು ವರ್ಷ ಹೀಗೇ ನಡೆಯಿತು. "ಒಂದಿನ ಅಪ್ಪ ಕೈ ಒರೆಸ್ಕೊಂಡು ಎದ್ದುಬಿಟ್ರು. ಬಣ್ಣ ಹೇಳೋಳಿಗೆ ಜೋಡಿಸೋಕೆ ಬರಲ್ವಾ, ಮಾಡೇ ಅಂದ್ರು. ಮಾಡಿದೆ," ಎನ್ನುತ್ತಾರೆ. ಅಣ್ಣ ಎಂಜಿನ್ ನೋಡಿಕೊಂಡರು, ತಂಗಿ ವೈರಿಂಗ್. ಈಗ ತಿಂಗಳಿಗೆ ಇಪ್ಪತ್ತು ಇಪ್ಪತ್ತೆರಡು ಟ್ರೈಲರುಗಳು ಇವರ ಕೈಯಲ್ಲಿ ಹಾದುಹೋಗುತ್ತವೆ.

ಆದರೆ ಈ ಗ್ಯಾರೇಜಿಗೆ ಹೆಸರು ಬಂದದ್ದೂ, ಕೆಟ್ಟ ಹೆಸರು ಬಂದದ್ದೂ ಇನ್ನೊಂದು ಕಾರಣಕ್ಕೆ. ಕೆಲಸ ಮುಗಿದ ಮೇಲೆ ಲೈಟಕ್ಕ ಗಾಡಿಯನ್ನು ಸುಮ್ಮನೆ ಕಳಿಸುವುದಿಲ್ಲ. ತಮ್ಮ ಮೊಪೆಡ್ ಹತ್ತಿ ಹಿಂದೆಯೇ ಹೋಗುತ್ತಾರೆ. ನೀರಿನ ಟ್ಯಾಂಕು, ಗೋದಾಮು, ಶಾಲೆ ದಾಟಿ ರೈಲ್ವೆ ಗೇಟಿನವರೆಗೆ ಮೂರು ಕಿಲೋಮೀಟರ್, ಹನ್ನೊಂದು ಹಂಪ್. ಪ್ರತಿ ಹಂಪಿನಲ್ಲೂ ದೀಪದ ಮೇಲೆ ಕಣ್ಣು. ಹನ್ನೊಂದನೆಯದು ದಾಟಿದ ಮೇಲೆ ಎರಡು ಸಲ ಹಾರ್ನ್ ಹೊಡೆದರೆ ಗಾಡಿಗೆ ಬಿಡುಗಡೆ. ಗಿರಾಕಿಗಳಿಗೆ ಇದು ಕಿರಿಕಿರಿ. "ಮದುಮಗಳನ್ನ ಕಳಿಸಿಕೊಡೋ ಹಾಗೆ ಹೋಗ್ತೀಯಲ್ಲ ತಾಯಿ," ಎಂದು ಅಣ್ಣನೇ ಕಾಲೆಳೆಯುತ್ತಾರೆ.

ಇವತ್ತು ಮಾತ್ರ ಅಣ್ಣ ತಮಾಷೆಯ ಹದದಲ್ಲಿಲ್ಲ. ಈ ವ್ಯಾನುಗಳನ್ನು ತರಿಸಿ ಮಾರುವ ಏಜೆಂಟ್ ಇನ್ನೂ ಹನ್ನೆರಡು ವ್ಯಾನುಗಳ ಕೆಲಸ ಕೊಡುವುದಾಗಿ ಹೇಳಿದ್ದಾನೆ. ಷರತ್ತು ಎರಡು: ತಾನು ಕಳಿಸಿದ ಈ ಮೊದಲ ಗಾಡಿ ಏಳು ಗಂಟೆಗೆ ಹೊರಡಬೇಕು, ಹಿಂದೆ ಹೋಗುವ ನಾಟಕ ಇರಬಾರದು. ಅಣ್ಣ ಒಪ್ಪಿಕೊಂಡು ಬಂದಿದ್ದಾರೆ. ತಂಗಿಗೆ ಹೇಳಿದ್ದು ಇವತ್ತು ಬೆಳಿಗ್ಗೆ.

ಏಳಕ್ಕೆ ಹೊರಡುವುದಂತೂ ಆಗಲಿಲ್ಲ. ಬ್ರೇಕ್ ಒತ್ತಿದರೆ ಟ್ರೈಲರಿನ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ಕಣ್ಣು ಮಿಟುಕಿಸುತ್ತದೆ. ಕರೆಂಟಿಗೆ ವಾಪಸು ಬರುವ ದಾರಿ ಸಿಗದೆ ಸಿಕ್ಕ ಸಿಕ್ಕ ಬಲ್ಬಿಗೆ ನುಗ್ಗುತ್ತಿರುವ ಲಕ್ಷಣ ಇದು. ಲೈಟಕ್ಕ ಟ್ರೈಲರಿನ ಚೌಕಟ್ಟಿನ ಮೇಲೆ ಉಗುರು ಎಳೆದು ನೋಡುತ್ತಾರೆ. ಹೊಸ ಹಸಿರು ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ.

"ಬಣ್ಣ ಯಾವಾಗ ಹೊಡೆದ್ರಿ?"

"ಹೋದ ವಾರ. ಹೊಸ ವ್ಯಾನ್ ಬರುತ್ತಲ್ಲ, ಹಳೇ ಟ್ರೈಲರ್ ಚೆನ್ನಾಗಿ ಕಾಣಲ್ಲ ಅಂತ ವ್ಯಾನಿನ ಬಣ್ಣಾನೇ ಹೊಡೆದೆ," ಎಂದು ಜೇನಿನವರು ಹೆಮ್ಮೆಯಿಂದ ಹೇಳುತ್ತಾರೆ.

"ಬೋಲ್ಟಿಗೂ ಹೊಡೆದ್ರಾ?"

"ಬಿಚ್ಚಿ, ಒಂದೊಂದಕ್ಕೂ ಹೊಡೆದು ಕೂರಿಸಿದೀನಿ!"

ಲೈಟಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಬಣ್ಣದ ಮೂಲಕ ಕರೆಂಟ್ ಹರಿಯುವುದಿಲ್ಲ. ಅರ್ಥ್ ವೈರ್ ಕೂರುವ ಬೋಲ್ಟನ್ನು ಬೆಳ್ಳಿಯ ಹಾಗೆ ಹೊಳೆಯುವವರೆಗೆ ಉಜ್ಜಿ ಬಿಗಿದ ಮೇಲೆ ಎಲ್ಲ ದೀಪಗಳೂ ಒಳ್ಳೆಯ ಮಕ್ಕಳ ಹಾಗೆ ಉರಿಯುತ್ತವೆ. ಏಳೂವರೆ ಆಗಿದೆ. ಬಿಸಿಲು ಪೆಟ್ಟಿಗೆಗಳ ಮೇಲೆ ಬೀಳತೊಡಗಿದೆ, ಒಳಗಿನ ಸದ್ದು ದಪ್ಪಗಾಗಿದೆ.

"ಬಿಸಿಲೇರಿದ್ರೆ ಒಳಗೇ ಬೆಂದುಹೋಗ್ತವೆ ಅಕ್ಕಾ, ಬಿಟ್ಬಿಡಿ," ಎಂದು ಜೇನಿನವರು ಕೈಮುಗಿಯುತ್ತಾರೆ. "ಹಗಲು ಹೊತ್ತು ಯಾರು ನೋಡ್ತಾರೆ ಲೈಟು?"

"ನೋಡೋನು ನಿಮ್ಮ ಹಿಂದೆ ಇರ್ತಾನೆ. ನಿಮಗೆ ಕಾಣಲ್ಲ."

"ಸುಮ್ನೆ ಬಿಡು," ಎನ್ನುತ್ತಾರೆ ಅಣ್ಣ, ದನಿ ತಗ್ಗಿಸಿ. "ಮಾತು ಕೊಟ್ಟಿದೀನಿ."

"ನೀನು ಕೊಟ್ಟಿದೀಯ, ನಾನಲ್ಲ," ಎಂದು ಲೈಟಕ್ಕ ಮೊಪೆಡ್ಡಿಗೆ ಕಿಕ್ ಹೊಡೆಯುತ್ತಾರೆ.

ಇದು ಹಟವಲ್ಲ, ಹೆದರಿಕೆ. ಹನ್ನೆರಡು ವರ್ಷಗಳ ಹಿಂದೆ ಒಂದು ಟ್ರೈಲರನ್ನು ಅಂಗಳದಲ್ಲೇ ನೋಡಿ ಕಳಿಸಿದ್ದರು. ಎರಡನೇ ಹಂಪಿನಲ್ಲಿ ಅರ್ಥ್ ಸಡಿಲವಾಗಿ ಬ್ರೇಕ್ ಲೈಟ್ ಸತ್ತಿತ್ತು. ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ವಾಚ್ ರಿಪೇರಿಯವರು ಹೋಗಿ ಗುದ್ದಿದರು. ಎಂಟು ತಿಂಗಳು ಊರುಗೋಲು. ಟ್ರೈಲರಿನವ ಒಮ್ಮೆಲೇ ಬ್ರೇಕ್ ಹಾಕಿದ ಎಂದೇ ಎಲ್ಲರೂ ಬೈದರು. ಗಾಡಿ ರಿಪೇರಿಗೆ ವಾಪಸು ಬಂದಾಗ ಸಡಿಲವಾದ ಆ ವೈರ್ ಕಂಡದ್ದು ಲೈಟಕ್ಕನಿಗೆ ಮಾತ್ರ.

"ನಂದೇ ತಪ್ಪು ಅಂತ ಅವರ ಅಂಗಡಿಗೆ ಹೋಗಿ ಹೇಳೋಕೆ ನಂಗೆ ಎರಡು ವರ್ಷ ಬೇಕಾಯ್ತು. ಅವರು ಕಣ್ಣಿಂದ ಮಸೂರ ತೆಗೀಲೂ ಇಲ್ಲ. ಲೈಟ್ ಉರಿದಿದ್ರೂ ನಾನು ನೋಡ್ತಿರಲಿಲ್ಲಮ್ಮ, ಅವತ್ತು ಆಕಾಶ ನೋಡ್ಕೊಂಡು ಹೋಗ್ತಿದ್ದೆ ಅಂದ್ರು. ನಿಜ ಹೇಳಿದ್ರೋ, ನನ್ನ ಸಮಾಧಾನಕ್ಕೆ ಹೇಳಿದ್ರೋ, ಇವತ್ತಿಗೂ ಗೊತ್ತಿಲ್ಲ," ಎನ್ನುತ್ತಾರೆ. ಆ ಟ್ರೈಲರ್ ವಾಪಸು ಬಂದ ದಿನದಿಂದ ಅವರಿಗೆ ಕೂತಲ್ಲಿ ಕೂರಲಾಗಿಲ್ಲ, ನಿಂತಲ್ಲಿ ನಿಲ್ಲಲಾಗಿಲ್ಲ.

ವ್ಯಾನ್ ಹೊರಡುತ್ತದೆ. ಒಂದು, ಎರಡು, ಮೂರು. ದೀಪಗಳು ಸರಿಯಾಗಿಯೇ ಇವೆ. ಶಾಲೆಯ ಮುಂದಿನ ಏಳನೇ ಹಂಪಿನಲ್ಲಿ ಟ್ರೈಲರ್ ಎದ್ದು ಕುಕ್ಕರಿಸುತ್ತದೆ. ಎಡಗಡೆಯ ಬ್ರೇಕ್ ಲೈಟ್ ಒಮ್ಮೆ ಮಿನುಗಿ ಸಾಯುತ್ತದೆ. ಲೈಟಕ್ಕ ಹಾರ್ನ್ ಹೊಡೆಯುತ್ತಾರೆ. ಜೇನಿನವರು ಅದನ್ನೇ ಬೀಳ್ಕೊಡುಗೆ ಎಂದುಕೊಂಡು ಕಿಟಕಿಯಿಂದ ಕೈ ಬೀಸಿ ವೇಗ ಹೆಚ್ಚಿಸುತ್ತಾರೆ! ಕೊನೆಗೆ ರಸ್ತೆಬದಿಯ ಗೋಡೆಗೆ ಅಂಟಿಕೊಂಡ ಹಾಗೆ ಪಕ್ಕದಿಂದ ನುಗ್ಗಿ, ಮೊಪೆಡ್ಡನ್ನು ವ್ಯಾನಿನ ಮೂಗಿಗೇ ಅಡ್ಡ ನಿಲ್ಲಿಸಬೇಕಾಗುತ್ತದೆ.

"ಇನ್ನೇನಕ್ಕಾ ನಿಮ್ಮ ಗೋಳು!" ಎಂದು ಕೂಗುತ್ತ ಇಳಿದವರು, ಬ್ರೇಕ್ ಲೈಟ್ ಸತ್ತಿದೆ ಎಂದು ಗೊತ್ತಾದೊಡನೆ ನೀರಿನ ಬಾಟಲಿಗೆ ಕೈಹಾಕುತ್ತಾರೆ.

ಎಡ ದೀಪವನ್ನು ಚೌಕಟ್ಟಿಗೆ ಹಿಡಿದಿಡುವ ಸಣ್ಣ ಬೋಲ್ಟಿಗೂ ಬಣ್ಣ ಮೆತ್ತಿತ್ತು. ಅಂಗಳದಲ್ಲಿ ಯಾವುದೋ ಗೀರಿನಲ್ಲಿ ಲೋಹಕ್ಕೆ ಲೋಹ ತಾಗಿಕೊಂಡಿದ್ದದ್ದು ಹಂಪಿನ ಕುಲುಕಿಗೆ ಜಾರಿ ಬಣ್ಣದ ಮೇಲೆ ಕೂತಿದೆ. ಲೈಟಕ್ಕ ರಸ್ತೆಯ ಮೇಲೇ ಮಂಡಿಯೂರುತ್ತಾರೆ. ತಲೆಯಿಂದ ಒಂದು ಮೊಳ ದೂರದಲ್ಲಿ ಮೂವತ್ತೆರಡು ಪೆಟ್ಟಿಗೆ ಕೆರಳಿದ ಜೇನು. ಜೇನಿನವರು ಬಾಟಲಿಯಿಂದ ಜಾಲರಿಗಳ ಮೇಲೆ ನೀರು ಚಿಮುಕಿಸುತ್ತಾರೆ, ಇವರು ಎರಡೂ ದೀಪಗಳಿಗೆ ಬೇರೆಯದೇ ಅರ್ಥ್ ವೈರ್ ಎಳೆದು ಬಿಗಿಯುತ್ತಾರೆ. ಹನ್ನೆರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಉಳಿದ ನಾಲ್ಕು ಹಂಪುಗಳನ್ನು ದೀಪಗಳು ಅಲುಗದೆ ದಾಟುತ್ತವೆ. ರೈಲ್ವೆ ಗೇಟಿನ ಬಳಿ ಎರಡು ಹಾರ್ನ್.

ಗ್ಯಾರೇಜಿಗೆ ಮರಳಿದಾಗ ಅಣ್ಣ ಬಾಗಿಲಲ್ಲೇ ಇದ್ದಾರೆ. ತಂಗಿ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಏಜೆಂಟನ ಫೋನ್ ಬರುತ್ತದೆ.

"ಹೌದು ಸರ್, ಲೇಟಾಯ್ತು. ಹೌದು, ಹಿಂದೆ ಹೋಗಿದ್ಲು," ಎನ್ನುತ್ತಾರೆ. ಆ ಕಡೆಯ ಮಾತು ಉದ್ದವಾಗಿದೆ. "ಇಲ್ಲ ಸರ್. ಇನ್ನು ಮುಂದಕ್ಕೂ ಹೋಗ್ತಾಳೆ. ಹಂಗೆ ನೋಡ್ದೆ ನಾವು ಗಾಡಿ ಬಿಡಲ್ಲ. ಆಯ್ತು ಸರ್, ನಿಮ್ಮಿಷ್ಟ."

ಫೋನ್ ಜೇಬಿಗಿಳಿಸಿ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಳ್ಳುತ್ತಾರೆ. "ಹೋಯ್ತು, ಹನ್ನೆರಡೂ."

"ಹಂಗೆ ಹೇಳು ಅಂತ ನಾನೇನು ಹೇಳಿದ್ನಾ?"

"ನೀನು ಹೇಳ್ಲಿಲ್ಲ. ಆ ಎಡಗಡೆ ಲೈಟ್ ಹೇಳ್ತು," ಎಂದು ಅಣ್ಣ ಒಳಗೆ ಹೋಗುತ್ತಾರೆ.

ಲೈಟಕ್ಕ ಮುಂದಿನ ಟ್ರೈಲರಿನ ವೈರ್ ಕಂತೆಯನ್ನು ಎಳೆದುಕೊಂಡು ಸುಲಿಯತೊಡಗುತ್ತಾರೆ. ಇಷ್ಟೆಲ್ಲ ಓಡಾಟಕ್ಕೆ ಪ್ರತಿಯಾಗಿ ಏನಾದರೂ ಆಸೆ ಇದೆಯೇ ಎಂದರೆ, ಕೈ ನಿಲ್ಲಿಸದೆಯೇ ಉತ್ತರಿಸುತ್ತಾರೆ:

"ಆ ಜೇನಿನವರ ಹಿಂದೆ ಈಗ ಯಾರೋ ಒಬ್ಬ ಹೋಗ್ತಿರ್ತಾನೆ. ಮುಂದೆ ಕೆಂಪು ಕಾಣುತ್ತೆ, ಬ್ರೇಕ್ ಹಾಕ್ತಾನೆ, ಮನೆಗೆ ಹೋಗಿ ಊಟ ಮಾಡ್ತಾನೆ. ನಾನು ಅನ್ನೋಳು ಒಬ್ಬಳಿದೀನಿ ಅಂತ ಅವನಿಗೆ ಯಾವತ್ತೂ ಗೊತ್ತಾಗಬಾರದು. ಅಷ್ಟೇ ನನ್ನಾಸೆ."