ಅಣಬೆಗೆ ಹಾಕಿದ ವೈನು

ನಮ್ಮ ಮನೆಯಲ್ಲಿ ಊಟ ಮುಗಿದ ಮೇಲೆ ತಟ್ಟೆಗೆ ಸ್ವಲ್ಪ ನೀರು ಹಾಕಿಕೊಂಡು, ಅಂಚಿಗೆ ಅಂಟಿದ್ದನ್ನೆಲ್ಲ ಬೆರಳಿನಿಂದ ಬಿಡಿಸಿ, ಆ ನೀರನ್ನು ಕುಡಿದುಬಿಡುತ್ತೇವೆ. ಲಿಂಗಕ್ಕೆ ತೋರಿಸಿ ಉಂಡದ್ದು ಪ್ರಸಾದ, ಅದರ ಒಂದು ಅಗುಳೂ ಮೋರಿಗೆ ಹೋಗಬಾರದು ಎಂದು ಅಪ್ಪ ಕಲಿಸಿದ್ದರು. ದಾವಣಗೆರೆ ಕಡೆಯಿಂದ ಗೋವಿಂದರಾಜನಗರಕ್ಕೆ ಬಂದು ಇಷ್ಟು ವರ್ಷವಾದರೂ ನಾನಾಗಲಿ ನನ್ನ ತಮ್ಮನಾಗಲಿ ಅದನ್ನು ಬಿಟ್ಟಿಲ್ಲ. ಅವನು ಕುಡಿತಕ್ಕೆ ಬಿದ್ದಿದ್ದ ಕಾಲದಲ್ಲೂ, ಲೋಟ ಹಿಡಿಯಲಾಗದಷ್ಟು ಕೈ ನಡುಗುತ್ತಿದ್ದಾಗಲೂ, ತಟ್ಟೆ ತೊಳೆದು ಕುಡಿಯದೆ ಎದ್ದವನಲ್ಲ.

ಅವನು ಕುಡಿಯುವುದನ್ನು ಬಿಟ್ಟದ್ದು ಒಂದು ಮಾತ್ರೆಯ ಬಲದಿಂದ. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಹೆಂಡತಿಯ ಎದುರು ಕೂತು ಅದನ್ನು ನುಂಗುತ್ತಿದ್ದ. ಆಮೇಲೆ ಹೆಗ್ಗನಹಳ್ಳಿಯ ಲೇತ್ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದ. ಆ ಮಾತ್ರೆ ಮೈಯಲ್ಲಿರುವಾಗ ಹೆಂಡ ಒಳಗೆ ಹೋದರೆ ಮೈ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಜೀವಕ್ಕೂ ಕುತ್ತು ಬರಬಹುದು. ಮೊದಲ ಸಲ ಬರೆದುಕೊಡುವಾಗ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು. ಕೆಮ್ಮಿನ ಔಷಧಿಯಲ್ಲಿ ಇದ್ದರೂ ಬೇಡ, ಅಡುಗೆಗೆ ಹಾಕಿದ್ದರೂ ಬೇಡ. ಅಡುಗೆಗೆ ಎಂದಾಗ ಅವರು ನನ್ನ ಕಡೆ ನೋಡಿರಲಿಲ್ಲ, ಆದರೆ ನಾನು ಅಲ್ಲೇ ಇದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ತಮ್ಮ, ಅವನ ಹೆಂಡತಿ, ಮಗಳು ಕೆಳಗಿನ ಮನೆಯಲ್ಲಿ. ನಾನೊಬ್ಬಳೇ ಮೇಲೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಮ್ಮನ ಜಾಗದಲ್ಲಿ ಒಲೆ ಮುಂದೆ ಕೂತವಳು ನಾನು. ಹೆಚ್ಚು ಓದಿಲ್ಲವೆಂದು ಯಾರಾದರೂ ಮರುಕ ತೋರಿಸಿದರೆ ಸಿಟ್ಟು ಬರುತ್ತಿತ್ತು. ಒಂಟಿಯಾದ ಮೇಲೆ ಫೋನಿನಲ್ಲಿ ಬೇರೆ ದೇಶದವರ ಅಡುಗೆ ನೋಡುವ ಚಟ ಹಿಡಿಯಿತು. ಅವರ ಮಾತು ಅರ್ಥವಾಗದಿದ್ದರೂ ಕೈ ಅರ್ಥವಾಗುತ್ತಿತ್ತು. ಮೆಕ್ಸಿಕೋದವರು ಮೆಕ್ಕೆಜೋಳದ ಹಿಟ್ಟು ತಟ್ಟುವುದನ್ನು ನೋಡಿ ಅಮ್ಮನ ರೊಟ್ಟಿ ನೆನಪಾಯಿತು. ಥಾಯ್ಲೆಂಡಿನವರು ನಿಂಬೆ ವಾಸನೆಯ ಮಜ್ಜಿಗೆಹುಲ್ಲನ್ನು ಕಾಯಿಹಾಲಿಗೆ ಹಾಕುವುದು ನೋಡಿ, ಇಷ್ಟು ದಿನ ಬರೀ ಕಷಾಯಕ್ಕೆ ಹಾಕಿ ಹಾಳು ಮಾಡಿದೆವಲ್ಲ ಅನ್ನಿಸಿತು. ಮಾಡಿದ್ದನ್ನು ಅಕ್ಕಪಕ್ಕದವರಿಗೆ ಕೊಟ್ಟೆ. ಅವರು ಇನ್ನೊಬ್ಬರಿಗೆ ಹೇಳಿದರು. ಕಡೆಗೆ ಬಸವೇಶ್ವರನಗರದಿಂದ, ರಾಜಾಜಿನಗರದಿಂದ ಕಾರಿನಲ್ಲಿ ಜನ ಭಾನುವಾರದ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೆ ಬರುವಂತಾಯಿತು. ಹಾಲ್‌ನಲ್ಲಿ ಒಂದು ಉದ್ದ ಮೇಜು. ಮಾಂಸ ಇಲ್ಲ, ಮೊಟ್ಟೆ ಇಲ್ಲ. ಅದನ್ನು ಮೊದಲೇ ಹೇಳುತ್ತಿದ್ದೆ.

ವೈನು ತಂದವರು ಅವರೇ. ಕೇಳಿದಾಗ ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬದಲಿಗೆ ಅದನ್ನೂ ಕಲಿಯಲು ಹೊರಟೆ. ಬಂದವರಲ್ಲಿ ಒಬ್ಬಾಕೆ ಪ್ರತಿ ಸಲ ಗ್ಲಾಸಿಗೆ ಸ್ವಲ್ಪ ಹಾಕಿ ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ನಾಲಗೆಗೆ ಒಂದು ಹನಿ ಹಾಕಿದವಳಲ್ಲ ನಾನು, ಮೂಗಿನಲ್ಲೇ ಕಲಿತೆ. ಒಂದು ವೈನು ಬಾಯಿ ಒಗರಾಗಿಸುವ ದೋರೆ ನೇರಳೆಯ ಹಾಗೆ. ಒಂದು ನೆಲ್ಲಿಕಾಯಿ. ಇನ್ನೊಂದು, ಮಿತಿ ಮೀರಿ ಹಣ್ಣಾದ ಅನಾನಸು. ಖಾರದ ಮೆಕ್ಸಿಕೋ ರಾಜ್ಮಾ ಪಲ್ಯಕ್ಕೆ ಸಿಹಿ ಇರುವ ತಣ್ಣನೆಯದು, ಕಾಯಿಹಾಲಿನ ಸಾರಿಗೆ ನೆಲ್ಲಿಕಾಯಿ ವಾಸನೆಯದು, ಬೆಣ್ಣೆಯಲ್ಲಿ ಬೆಂದ ಅಣಬೆಗೆ ನೇರಳೆಯದು. ಹೀಗೆ ಶನಿವಾರವೇ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದೆ, ಅವರು ಅದೇ ತರುತ್ತಿದ್ದರು. ಕುಡಿದು ನೋಡಿದವರು, "ಹೌದಲ್ಲ ಆಂಟಿ" ಅನ್ನುತ್ತಿದ್ದರು. ಆ ಒಂದು ಮಾತಿಗೆ ವಾರವಿಡೀ ಕಾಯುತ್ತಿದ್ದೆ.

ಕೆಳಗೆ ಕುಡಿತ ಬಿಟ್ಟವನಿದ್ದಾನೆ, ಮೇಲೆ ಬಾಟಲಿ ತೆಗೆಯುತ್ತಿದ್ದಾರೆ. ಇದು ಅವನ ಹೆಂಡತಿಗೆ ಸರಿಬರಲಿಲ್ಲ. ಜಗಳ ಮಾಡುವವಳಲ್ಲ ಅವಳು. ಇನ್ನೊಂದು ಸಲ ಇವರು ಕುಡಿದರೆ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ, ವಾಪಸ್ಸು ಬರೋದಿಲ್ಲ ಎಂದು ನನ್ನೆದುರೇ ಅವನಿಗೆ ಹೇಳಿದ್ದಳು. ಹಾಗಾಗಿ ನಾನು ಲಿಂಗ ಮುಟ್ಟಿ ಅವರಿಬ್ಬರಿಗೂ ಮಾತು ಕೊಟ್ಟೆ. ಬಾಟಲಿ ಹಾಲ್ ದಾಟುವುದಿಲ್ಲ, ಬಂದವರ ಜೊತೆಗೇ ಹೊರಗೆ ಹೋಗುತ್ತದೆ, ಅಡುಗೆಮನೆಗೆ ಕಾಲಿಡುವುದಿಲ್ಲ.

ತಮ್ಮ ಇದನ್ನೆಲ್ಲ ತಮಾಷೆಯಲ್ಲಿ ತೇಲಿಸುತ್ತಿದ್ದ. ಭಾನುವಾರ ಬಂದರೆ ಪಾರ್ಕಿಗೋ ಸ್ನೇಹಿತರ ಮನೆಗೋ ಹೋಗಿಬಿಡುತ್ತಿದ್ದ, ಆದರೆ ಮೆಟ್ಟಿಲ ಹತ್ತಿರ ನಿಂತು ಒಂದು ಕುಟುಕು ಬಿಟ್ಟೇ ಹೋಗುತ್ತಿದ್ದ. "ಏನಕ್ಕ ಇವತ್ತು? ಹೆಸರು ಹೇಳೋಕೆ ಬಾಯಿ ತಿರುಗಲ್ಲ, ತಿಂದ್ರೆ ಹೊಟ್ಟೆ ತುಂಬಲ್ಲ. ಒಂದು ಮುದ್ದೆ ಇಟ್ಟುಬಿಡು ಪಕ್ಕದಲ್ಲಿ, ಪಾಪ ಅವರಿಗೆ." ನನ್ನ ಆ ಅಡುಗೆಯನ್ನು ಅವನು ಒಂದು ಸಲವೂ ತಿಂದಿರಲಿಲ್ಲ. ಅದು ನನ್ನನ್ನು ಚುಚ್ಚುತ್ತಿತ್ತು. ಊರೆಲ್ಲ ಹೊಗಳಿದರೂ, ಎತ್ತಿ ಆಡಿಸಿದ ತಮ್ಮ ಹೊಗಳದಿದ್ದರೆ ಏನೋ ಕಮ್ಮಿ.

ಒಂದು ಭಾನುವಾರ ಬಂದವರು ಅರ್ಧ ಬಾಟಲಿ ಕೆಂಪು ವೈನು ಬಿಟ್ಟು ಹೋದರು. ಮರೆತರೋ, ನನಗೆ ಇರಲಿ ಎಂದು ಬಿಟ್ಟರೋ ತಿಳಿಯದು. ಮೋರಿಗೆ ಸುರಿಯಲು ಹೋದೆ. ಕೈ ಬರಲಿಲ್ಲ. ತಿನ್ನುವ ಕುಡಿಯುವ ಪದಾರ್ಥ ಚೆಲ್ಲಿ ಅಭ್ಯಾಸವಿಲ್ಲದ ಕೈ ಅದು. ಇಷ್ಟೇ ಕಾರಣ ಎಂದು ಬರೆದು ಮುಗಿಸಿದರೆ ಸುಳ್ಳಾಗುತ್ತದೆ. ಫ್ರಾನ್ಸಿನ ಕಡೆಯವರು ಅಣಬೆ, ಗಜ್ಜರಿ, ಸಾಂಬಾರ ಈರುಳ್ಳಿಯನ್ನು ಕೆಂಪು ವೈನಿನಲ್ಲಿ ಗಂಟೆಗಟ್ಟಲೆ ಬೇಯಿಸುವುದನ್ನು ನೋಡಿದ್ದೆ. ಹುಣಸೆಹಣ್ಣು ಹಾಕಿ ಮಾಡಿ ನೋಡಿದ್ದೆ, ಕೋಕಂ ಹಾಕಿ ನೋಡಿದ್ದೆ, ಆ ಬಣ್ಣವೂ ಬರಲಿಲ್ಲ, ಆ ಆಳವೂ ಬರಲಿಲ್ಲ. ನನಗೆ ಆ ವೈನು ಬೇಕಿತ್ತು. ಕೋಕಂ ಶರಬತ್ತಿನ ಖಾಲಿ ಬಾಟಲಿಗೆ ಅದನ್ನು ಸುರಿದು ಅಡುಗೆಮನೆಯಲ್ಲಿ ರಾಗಿಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ಬಣ್ಣ ಒಂದೇ, ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡೆ. ಆ ವಾರ ಪೂರ್ತಿ ರಾಗಿಹಿಟ್ಟಿಗೆ ಕೈ ಹಾಕಿದಾಗಲೆಲ್ಲ ಡಬ್ಬದ ಹಿಂದೆ ಏನೋ ಉಸಿರಾಡಿದ ಹಾಗೆ ಅನ್ನಿಸುತ್ತಿತ್ತು.

ಮುಂದಿನ ಭಾನುವಾರ ಆ ಅಡುಗೆ ಮಾಡಿದೆ. ಕುದಿಸಿದರೆ ಅಮಲು ಹಾರಿಹೋಗುತ್ತದೆ ಎಂದು ವಿಡಿಯೋದವರೆಲ್ಲ ಹೇಳುತ್ತಾರೆ, ನಾನೂ ಅದನ್ನೇ ನಂಬಿದೆ, ಅಥವಾ ನಂಬಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಇಳಿಸಿದ ಮೇಲೆ ರುಚಿ ನೋಡಲಿಲ್ಲ, ಮೂಸಿ ನೋಡಿದೆ. ಚುರುಕು ಸಾಲದು ಅನ್ನಿಸಿತು. ಒಲೆ ಆರಿಸಿದ ಪಾತ್ರೆಗೆ ಮತ್ತೊಂದು ಲೋಟದಷ್ಟು ಹಸಿಯಾಗಿಯೇ ಸುರಿದೆ. ಬಂದವರು ಅವತ್ತು ಮಾತು ನಿಲ್ಲಿಸಿ ತಿಂದರು.

ಎಲ್ಲರೂ ಹೋದ ಮೇಲೆ ತಮ್ಮ ಮೆಟ್ಟಿಲು ಹತ್ತಿ ಬಂದ. ಹೆಂಡತಿ ಮಗಳು ಕುರುಬರಹಳ್ಳಿಗೆ ಒಂದು ನಾಮಕರಣಕ್ಕೆ ಹೋಗಿದ್ದರು. ಕೆಳಗೆ ಅನ್ನ, ಸಾರು ಇತ್ತು. ಅವನು ಪಾತ್ರೆಯ ಮುಚ್ಚಳ ತೆಗೆದು ಒಳಗೆ ಇಣುಕಿದ. ಆಮೇಲೆ, "ಅಕ್ಕ, ಒಂದು ತುತ್ತು ಹಾಕು, ನೋಡೇಬಿಡೋಣ" ಅಂದ.

ಬೇಡ ಕಣೋ ಅನ್ನಬೇಕಿತ್ತು. ಅಂದರೆ ಯಾಕೆ ಅನ್ನುತ್ತಾನೆ. ಯಾಕೆ ಅಂದರೆ ಬಾಟಲಿ ಅಡುಗೆಮನೆಗೆ ಬಂದದ್ದು ಹೇಳಬೇಕು, ಕೊಟ್ಟ ಮಾತು ಮುರಿದದ್ದು ಹೇಳಬೇಕು. ಅದರ ಜೊತೆಗೆ ಇನ್ನೊಂದು ಆಸೆ: ಮೊದಲ ಸಲ ಕೇಳುತ್ತಿದ್ದಾನೆ, ತಿನ್ನಲಿ, ಚೆನ್ನಾಗಿದೆ ಅನ್ನಲಿ. ಅನ್ನದ ಮೇಲೆ ಒಂದು ಸೌಟು ಹಾಕಿದೆ. ಅವನು ಮೊದಲ ತುತ್ತು ಬಾಯಲ್ಲಿಟ್ಟು ಸ್ವಲ್ಪ ಹೊತ್ತು ಅಗಿಯದೆ ಕೂತ. ನನ್ನ ಮುಖ ನೋಡಿದ. ಆಮೇಲೆ ಬೇಗ ಬೇಗ ತಿಂದ. ಇನ್ನೊಂದು ಸೌಟು ಕೇಳಿದ, ಹಾಕಿದೆ. ಕಡೆಗೆ ತಟ್ಟೆಗೆ ನೀರು ಸುರಿದು, ಕೆಂಪಾದ ಆ ನೀರನ್ನು ಬೆರಳಿನಿಂದ ಸುತ್ತ ಸವರಿ, ತಟ್ಟೆ ಎತ್ತಿ ಕುಡಿದ. ಚೆನ್ನಾಗಿದೆ ಅನ್ನಲಿಲ್ಲ.

ಕೈ ತೊಳೆದು ಬರುವಷ್ಟರಲ್ಲಿ ಅವನ ಕತ್ತು ಕೆಂಪಾಗಿತ್ತು. ಆಮೇಲೆ ಕಿವಿ, ಕಣ್ಣು. ಸೆಕೆ ಅಕ್ಕ ಅಂದ. ಅಂಗಿಯ ಮೇಲೆಯೇ ಎದೆ ಕುಣಿಯುವುದು ಕಾಣುತ್ತಿತ್ತು. ಗೋಡೆ ಹಿಡಿದು ಕೂತವನು ಏಳಲಾರದೆ ಹೋದ. ಪಕ್ಕದ ಮನೆಯವರ ಸಹಾಯದಿಂದ ಆಟೋಗೆ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆ. ದಾರಿಯಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು, ಬಾಯಿಂದ ನಾನೇ ಆರಿಸಿದ ಆ ನೇರಳೆಯ ವಾಸನೆ ಬರುತ್ತಿತ್ತು.

ಡ್ರಿಪ್ ಹಾಕಿ, ಎದೆಗೆ ವಯರು ಅಂಟಿಸಿ, ಡಾಕ್ಟರು ಏನು ಕುಡಿದಿರಿ ಎಂದು ಅವನನ್ನು ಕೇಳಿದರು. ಕುಡಿದಿಲ್ಲ ಸಾರ್ ಅಂದ. ಆ ಮಾತ್ರೆ ತೆಗೆದುಕೊಳ್ಳುವವರಿಗೆ ಸುಮ್ಮಸುಮ್ಮನೆ ಹೀಗಾಗುವುದಿಲ್ಲ ಎಂದು ಅವರು ಬೇಸರದಲ್ಲಿ ಹೇಳುವಾಗ ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನಾಮಕರಣದ ರೇಷ್ಮೆ ಸೀರೆಯಲ್ಲೇ ಓಡಿಬಂದಿದ್ದಳು. ಅವನನ್ನು ಅವಳು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದಳು.

"ಅಕ್ಕ, ನಿಮ್ಮ ಹತ್ರ ಏನಾದ್ರೂ ತಿಂದ್ರಾ ಇವರು?"

"ಅನ್ನ ಸಾರು ಕಣಮ್ಮ," ಅಂದೆ.

ಮಂಚದ ಮೇಲಿಂದ ಅವನು ನನ್ನನ್ನು ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ. ನಾನು ಬಾಯಿ ತೆರೆದಿದ್ದರೆ ಆ ಕ್ಷಣದಲ್ಲೇ ಎಲ್ಲ ಸರಿಹೋಗುತ್ತಿತ್ತು. ನನ್ನನ್ನು ತಡೆದದ್ದು ಬರೀ ಹೆದರಿಕೆಯಲ್ಲ, ನಾಚಿಕೆ. ಓದಿದವರ ಮಧ್ಯೆ ಓದದವಳೊಬ್ಬಳು ಸಂಪಾದಿಸಿದ್ದ ಹೆಸರು ಅಲ್ಲೇ ಕಳಚಿ ಬೀಳುತ್ತದಲ್ಲ ಎಂಬ ನಾಚಿಕೆ.

ಮನೆಗೆ ಬಂದು ಬಾಟಲಿಯಲ್ಲಿ ಉಳಿದಿದ್ದನ್ನು ಮೋರಿಗೆ ಸುರಿದೆ. ತಮ್ಮ ಮನೆಗೆ ಬಂದ ದಿನವೇ ಅವನ ಹೆಂಡತಿ ಮಗಳನ್ನು ಕರೆದುಕೊಂಡು ತುಮಕೂರಿನ ತವರಿಗೆ ಹೊರಟಳು. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿ, ಇವರನ್ನು ನೋಡಿಕೊಳ್ಳಿ ಅಕ್ಕ ಎಂದಳು.

ಆ ವಾರ ಅವನು ಕೆಲಸಕ್ಕೆ ಹೋಗಲಿಲ್ಲ. ಒಂದು ಬೆಳಿಗ್ಗೆ ಮೇಲೆ ಬಂದು ನನ್ನ ಅಡುಗೆಮನೆಯ ಬಾಗಿಲಲ್ಲಿ ಕೂತ. ಇನ್ನು ತಡೆಯಲಾಗದೆ ನಾನು ಎಲ್ಲ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ ಎಂದುಕೊಂಡಿದ್ದೆ. ಅವನು ಹೊಸಿಲಿನ ಮೇಲಿದ್ದ ಅರಿಶಿನವನ್ನು ಉಗುರಿನಿಂದ ಕೆರೆಯುತ್ತ, "ಮೊದಲನೇ ತುತ್ತಿಗೇ ಗೊತ್ತಾಯ್ತು ಬಿಡಕ್ಕ" ಅಂದ.

"ಮತ್ತೆ ಯಾಕೋ ತಿಂದೆ?"

"ಬಿಡೋಕೆ ಆಗ್ಲಿಲ್ಲ."

ಒಲೆಯ ಮೇಲೆ ಹಾಲಿತ್ತು, ಉಕ್ಕಿ ಚೆಲ್ಲಿತು. ಇಬ್ಬರೂ ಏಳಲಿಲ್ಲ. ಅವನು ಕುಡಿದಿಲ್ಲ ಎಂದು ಡಾಕ್ಟರಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅವನು ಬೇರೆ ಕಡೆ ನೋಡುತ್ತ, "ಅದು ಇನ್ನೂ ಇದ್ಯಾ?" ಎಂದು ಕೇಳಿದ. ಮೋರಿಗೆ ಚೆಲ್ಲಿದೆ ಎಂದೆ. ಒಂದು ಸಣ್ಣ ನಗು ಬಂತು ಅವನಿಗೆ. "ನಮ್ಮನೇಲಿ ಏನೂ ಚೆಲ್ಲಲ್ಲ ಅಂತಿದ್ಯಲ್ಲಕ್ಕ." ಆ ನಗು ನನಗೆ ಹಳೆಯ ಪರಿಚಯ. ಕುಡಿಯುತ್ತಿದ್ದ ಕಾಲದಲ್ಲಿ ನಗುತ್ತಿದ್ದ ನಗು ಅದು. ಎದ್ದು ಹೋಗುವಾಗ, ತಾನು ಗೊತ್ತಿದ್ದೇ ತಿಂದದ್ದನ್ನು ಹೆಂಡತಿಗೆ ಹೇಳಬೇಡ ಎಂದು ಬೇಡಿಕೊಂಡ.

ನಾನು ತುಮಕೂರಿಗೆ ಹೋದೆ. ಅವಳ ತಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ತಪ್ಪೆಲ್ಲ ಹೇಳಿದೆ. ಬಚ್ಚಿಟ್ಟದ್ದು, ಹಸಿ ವೈನು ಸುರಿದದ್ದು, ಅನ್ನ ಸಾರು ಅಂದದ್ದು. ಅವನಿಗೆ ಗೊತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳು, "ಅವರು ಕುಡಿದಿಲ್ಲ ಅಂದಾಗ ನಾನು ನಂಬಲಿಲ್ಲ ಅಕ್ಕ. ನಿಮ್ಮನ್ನ ನಂಬಿದೆ" ಅಂದಳು. ಅತ್ತಳು. ಮಾರನೆಯ ದಿನವೇ ವಾಪಸ್ಸು ಬಂದಳು. ಗಂಡನ ಕ್ಷಮೆ ಕೇಳಿದಳು, ನನ್ನೆದುರಿಗೇ. ಅವನು ನೆಲ ನೋಡುತ್ತಿದ್ದ. ಅಂದಿನಿಂದ ಮಾತ್ರೆ ನುಂಗುವಾಗ ಅವಳು ಎದುರು ಕೂರುವುದನ್ನು ಬಿಟ್ಟಳು. ಅನುಮಾನಿಸಿದ ಪಾಪ ಹಾಗಾದರೂ ಕಳೆಯಲಿ ಎಂದು.

ಭಾನುವಾರದ ಊಟ ನಾನು ನಿಲ್ಲಿಸಿದೆ. ಬರುತ್ತಿದ್ದವರಿಗೆ ಮೈಗೆ ಹುಷಾರಿಲ್ಲ ಎಂದು ಹೇಳಿದೆ. ಈಗ ಕೆಲವು ತಿಂಗಳಾಗಿವೆ. ಮೊನ್ನೆ ಅವರಿಬ್ಬರೂ ಮೇಲೆ ಬಂದರು. ಅಕ್ಕ ಬಡವಾಗಿಬಿಟ್ಟಿದ್ದಾಳೆ, ಮೊದಲಿನ ಹಾಗೆ ನಾಲ್ಕು ಜನ ಬಂದು ಹೋದರೆ ಸರಿಹೋಗುತ್ತಾಳೆ ಎಂದು ತಮ್ಮನೇ ಮಾತು ತೆಗೆದ. ವೈನು ಬೇಡ ಕಣೋ, ಬರೀ ಊಟ ಆದರೆ ನೋಡೋಣ ಎಂದೆ.

"ಯಾಕಕ್ಕ, ಅವರವರ ಬಾಟಲಿ ಅವರವರು ತರ್ತಾರೆ. ಊಟಕ್ಕೂ ವೈನಿಗೂ ನೀನು ಕೂಡಿಸೋ ಆ ಜೋಡಿ ನೋಡೋಕೇ ತಾನೆ ಅವರು ಬರ್ತಿದ್ದದ್ದು," ಅಂದ.

ಅವನ ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ಇವರೇ ಧೈರ್ಯವಾಗಿ ಹೇಳ್ತಾ ಇದಾರೆ ಅಕ್ಕ. ನೀವ್ಯಾಕೆ ಹೆದರ್ತೀರ?"

ನನಗೆ ಉತ್ತರ ಗೊತ್ತು. ಅವಳಿಗೆ ಅದನ್ನು ಹೇಳಬೇಕಾದವಳು ನಾನೊಬ್ಬಳೇ. ಬಾಯಿ ತೆರೆದೆ, ಅವನು ನನ್ನನ್ನೇ ನೋಡುತ್ತಿದ್ದ, ಮುಚ್ಚಿಕೊಂಡೆ. ಅವಳು ನನ್ನ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದುಕೊಂಡಳು. ಸೆರಗು ಸಿಕ್ಕಿಸಿಕೊಂಡು, ಹಾಲ್‌ನ ಮೇಜಿನ ಮೇಲೆ ಪೇರಿಸಿಟ್ಟಿದ್ದ ಹಳೆಯ ಬಟ್ಟೆಗಳನ್ನು ಎತ್ತಿ ಕೆಳಗಿಟ್ಟು, ಒದ್ದೆ ಬಟ್ಟೆಯಿಂದ ಮೇಜನ್ನು ಈ ತುದಿಯಿಂದ ಒರೆಸುತ್ತ ಹೋದಳು. ಆ ತುದಿಯಲ್ಲಿ ಅವನು ಆಗಲೇ ಕುರ್ಚಿಗಳನ್ನು ಜೋಡಿಸುತ್ತಿದ್ದ.