ಏಣಿಗೆ ಕಟ್ಟಿದ ನಿಂಬೆಹಣ್ಣು

ಇವತ್ತು ಬೆಳಿಗ್ಗೆ ಅವಲಕ್ಕಿಗೆ ಹಿಂಡಲೆಂದು ನಿಂಬೆಹಣ್ಣು ಹೆಚ್ಚಿದೆ. ಆ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ಉಪ್ಪಿನಕಾಯಿಯೋ ಬೇಸಿಗೆಯ ಶರಬತ್ತೋ ಇರಬೇಕು. ನನಗೆ ಮಾತ್ರ ಡೀಸೆಲ್ ಹೊಗೆ, ಬಣ್ಣ ಹಾರಿದ ಕಂಪ್ರೆಸರು, ಅದರ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತ ನಮ್ಮ ಮನೆಯವರು ನೆನಪಾಗುತ್ತಾರೆ. ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ.

ನಮ್ಮದು ಸಣ್ಣ ಗುತ್ತಿಗೆ ಕೆಲಸ. ಬೀದರ್, ಭಾಲ್ಕಿ, ಔರಾದ ಕಡೆಯ ಪೆಟ್ರೋಲ್ ಪಂಪುಗಳಲ್ಲಿ ನೆಲದೊಳಗೆ ಹೂತಿರುವ ಟ್ಯಾಂಕು ತೊಳೆಯುವುದು, ಪೈಪು ಬದಲಿಸುವುದು, ಬಣ್ಣ ಹೊಡೆಯುವುದು. ಗಾಡಿಗೆ ಎಣ್ಣೆ ಹಾಕಿಸಿಕೊಂಡು ಹೋಗುವವರಿಗೆ ಕಾಲ ಕೆಳಗೆ ಕೋಣೆಯಷ್ಟು ದೊಡ್ಡ ಟ್ಯಾಂಕು ಇದೆಯೆಂದು ಹೊಳೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ನನಗೂ ಹೊಳೆದಿರಲಿಲ್ಲ. ಬೋರ್‌ವೆಲ್ಲಿನ ನೀರಿನ ಹಾಗೆ ಪೆಟ್ರೋಲೂ ಅಲ್ಲೇ ಕೆಳಗಿನಿಂದ ಬರುತ್ತದೆಂದು ನಂಬಿದ್ದೆ. ಈ ನನ್ನ ಜಾಣತನವನ್ನು ಅವರು ಮನೆಗೆ ಬಂದ ನೆಂಟರಿಗೆಲ್ಲ ಚಹಾದ ಜೊತೆ ಬಡಿಸುತ್ತಿದ್ದರು.

ಖಾಲಿ ಟ್ಯಾಂಕೇ ಹೆಚ್ಚು ಅಪಾಯದ್ದು. ಎಣ್ಣೆ ಹೋದರೂ ಒಳಗೆ ಅದರ ಆವಿ ಉಳಿದಿರುತ್ತದೆ. ಇಳಿದವನ ಉಸಿರು ಕಟ್ಟಬಹುದು, ಒಂದು ಕಿಡಿ ಬಿದ್ದರೆ ಹೊತ್ತಿಕೊಳ್ಳಬಹುದು. ಅದಕ್ಕೇ ತೈಲ ಕಂಪನಿಯವರು ಟೆಂಡರಿಗೆ ಮೊದಲೇ ಗುತ್ತಿಗೆದಾರನನ್ನು ಪರೀಕ್ಷೆ ಮಾಡುತ್ತಾರೆ. ನಿಮ್ಮವರಿಗೆ ತರಬೇತಿ ಆಗಿದೆಯೇ, ಆವಿ ಅಳೆಯುವ ಯಂತ್ರ ಸರಿಯಿದೆಯೇ, ಹಗ್ಗ ಹಿಡಿದು ಮೇಲೆ ನಿಲ್ಲುವವರು ಯಾರು, ಹೀಗೆ ಕೇಳುತ್ತಾ ಹೋಗುತ್ತಾರೆ. ಕಾಗದದ ಮೇಲೆ ಅದರ ಹೆಸರು ಪೂರ್ವಾರ್ಹತೆ. ನಮ್ಮ ಕೆಲಸದವರು ಅದನ್ನು ಪಾಸ್ ಎನ್ನುತ್ತಾರೆ. ಪಾಸ್ ಇಲ್ಲದವನನ್ನು ಪಂಪಿನ ಹಗ್ಗದಾಚೆಗೇ ನಿಲ್ಲಿಸುತ್ತಾರೆ.

ಮೊದಲ ಸಲ ಅರ್ಜಿ ತುಂಬಿದವಳು ನಾನೇ. ಕಂಪ್ಯೂಟರಿನಲ್ಲಿ ಎರಡು ಬೆರಳಿನಿಂದ ಟೈಪ್ ಮಾಡುವುದು ನನಗೆ ಬರುತ್ತಿತ್ತು, ಅವರಿಗೆ ಅದೂ ಬರುತ್ತಿರಲಿಲ್ಲ. ಒಂದು ಕಡೆ, ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳು ಎಷ್ಟು ಎಂದು ಕೇಳಿದ್ದರು. ಇಬ್ಬರೂ ಮುಖ ಮುಖ ನೋಡಿಕೊಂಡು ಹೆಮ್ಮೆಯಿಂದ ಸೊನ್ನೆ ಹಾಕಿದೆವು. ಅರ್ಜಿ ವಾಪಸು ಬಂತು. ಹಿಂದೆಯೇ ಮೈಸೂರು ಕಡೆಯ ಅಧಿಕಾರಿಯೊಬ್ಬರ ಫೋನೂ ಬಂತು.

“ಒಂದೂ ಇಲ್ಲ ಅಂತ ಬರೆದಿದ್ದೀರಲ್ಲ ಸಾರ್, ಹೇಗೆ ನಂಬೋದು?”

“ಇಲ್ಲಂದ್ರ ಛಲೋ ಅಲ್ಲೇನ್ರಿ ಸಾಹೇಬ್ರ?”

“ಎಲ್ಲೂ ಆಗಿಲ್ಲ ಅಂತ ಅರ್ಥ ಅಲ್ಲ. ನಿಮಗೆ ಯಾರೂ ಹೇಳ್ತಿಲ್ಲ ಅಂತ ಅರ್ಥ.”

ಫೋನಿಟ್ಟು ಅವರು ನನ್ನ ಕಡೆ ತಿರುಗಿ, “ಕೇಳಿದಿ? ಅಪಘಾತ ಕಮ್ಮಿ ಅದಾವಂತ ನಮ್ಮನ್ನ ಫೇಲ್ ಮಾಡ್ಯಾರ!” ಎಂದು ನಕ್ಕರು. ಆದರೆ ಆ ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದರು. ಯಾರೂ ಹೇಳುತ್ತಿಲ್ಲ ಎಂಬ ಮಾತು ಅವರಿಗೆ ನಾಟಿತ್ತು.

ಮರುದಿನ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಕೇಳಿದರಂತೆ. ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಕೆಲಸದವರ ಮುಂದಾಳು, ಮುಕಾದಮ್ ಖಾಜಾಭಾಯಿ, ಇವರನ್ನು ಬದಿಗೆ ಕರೆದು, “ಸಾಬ್, ಬಚಾವ್ ಆದದ್ದು ಬಾಯಿಲೆ ಹೇಳಬಾರದ್ರಿ. ನಜರ್ ಲಗ್ತದ. ಒಮ್ಮೆ ಬಿಟ್ಟದ್ದು ಮತ್ತ ಹುಡಿಕ್ಕೊಂಡು ಬರ್ತದ” ಎಂದರಂತೆ. ಖಾಜಾಭಾಯಿ ನಮ್ಮ ಮದುವೆಗೂ ಮುಂಚಿನಿಂದ ಇವರ ಜೊತೆಗಿದ್ದವರು. ವೆಲ್ಡಿಂಗ್ ಅವರ ಕಸುಬು.

ನಮ್ಮದು ಬುದ್ಧನ ಪಟವಿರುವ ಮನೆ. ದೃಷ್ಟಿ, ಮಾಟ ಎಂಬುದನ್ನೆಲ್ಲ ನಮ್ಮ ಮಾವನವರು ತಮ್ಮ ಕಾಲದಲ್ಲೇ ಹೊಸ್ತಿಲಾಚೆ ಹಾಕಿದ್ದರು. ಇವರು ಅಂದು ರೇಗಿಕೊಂಡೇ ಮನೆಗೆ ಬಂದರು.

ಕೆಲವು ದಿನ ಕಳೆದು ಔರಾದದ ಪಂಪೊಂದರಲ್ಲಿ ಕೆಲಸವಿತ್ತು. ಟೆಂಪೊದ ಮುಂದೆ ನಿಂಬೆಹಣ್ಣು ತೂಗುವುದು ಎಲ್ಲರೂ ಕಂಡದ್ದೇ. ಅಂದು ಏಣಿಗೊಂದು ಕಟ್ಟಿತ್ತು. ಏಣಿಗೆ ಯಾರಾದರೂ ನಿಂಬೆಹಣ್ಣು ಕಟ್ಟುತ್ತಾರೆಯೇ? ಇವರು ಕಿತ್ತು ಬಿಸಾಡಲು ಕೈ ಹಾಕಿದವರು ಅದರ ಕೆಳಗಿನ ಮೆಟ್ಟಿಲು ನೋಡಿದರು. ಬೆಸುಗೆ ಬಿಟ್ಟು ಮೆಟ್ಟಿಲು ಒಂದು ಕಡೆಯಿಂದ ತೂಗುತ್ತಿತ್ತು. ಹಿಂದಿನ ದಿನ ಯಾರದೋ ಕಾಲು ಅಲ್ಲಿ ಜಾರಿತ್ತು. ಅವನು ಯಾರಿಗೂ ಹೇಳಿರಲಿಲ್ಲ, ನಿಂಬೆಹಣ್ಣಿಗೆ ಹೇಳಿದ್ದ.

ಅಂದು ಇವರು ಹಣ್ಣನ್ನು ಮುಟ್ಟಲಿಲ್ಲ. ಏಣಿಯನ್ನು ನಮ್ಮ ಶೆಡ್ಡಿಗೆ ಒಯ್ದು, ಖಾಜಾಭಾಯಿಗೆ ಹೇಳಿ ಮೆಟ್ಟಿಲಿಗೆ ಬೆಸುಗೆ ಹಾಕಿಸಿದರು. ಆಮೇಲೆ ಎಲ್ಲರಿಗೂ, “ಇನ್ನ ಬಾಯಿಲೆ ಏನೂ ಹೇಳಬ್ಯಾಡ್ರಿ. ಎಲ್ಲಿ ಬಚಾವ್ ಆಗ್ತೀರಿ, ಅಲ್ಲೇ ಒಂದು ನಿಂಬಿಹಣ್ಣು ಕಟ್ಟ್ರಿ. ಯಾರ ಕಟ್ಟಿದ್ರಿ ಅಂತ ನಾ ಕೇಳೂದಿಲ್ಲ” ಎಂದರು. ಹಣ್ಣುಗಳ ಬುಟ್ಟಿಯೊಂದು ಟೆಂಪೊದಲ್ಲಿ ಬಂದು ಕೂತಿತು. ಅದನ್ನು ತುಂಬಿಸುವ ಕೆಲಸ ನನಗೆ ಬಿತ್ತು. ಸಂತೆಯಲ್ಲಿ ನಿಂಬೆಹಣ್ಣು ಮಾರುವವಳು, “ಎಷ್ಟ್ ಉಪ್ಪಿನಕಾಯಿ ತಿಂತೀರಿ ಬಾಯಾರ ನೀವು!” ಎಂದು ಬಾಯಿಮೇಲೆ ಕೈಯಿಟ್ಟಳು.

ಹೋಸ್ ಪೈಪಿಗೆ ಕಟ್ಟಿದರೆ ಪೈಪು ನೋಡುವರು, ಹಗ್ಗದ ಕೊಂಡಿಗೆ ಕಟ್ಟಿದರೆ ಕೊಂಡಿ ಬದಲಿಸುವರು. ರಿಪೇರಿ ಆದ ಮೇಲೆ ಕಟ್ಟಿದವನೇ ಬಂದು ಸುಮ್ಮನೆ ಬಿಚ್ಚಿಕೊಂಡು ಹೋಗುತ್ತಿದ್ದ. ಅದನ್ನೆಲ್ಲ ನಾನು ಅರ್ಜಿಗೆ ಇಳಿಸುತ್ತಿದ್ದೆ. ಮೈಸೂರು ಕಡೆಯ ಆ ಅಧಿಕಾರಿ ಒಮ್ಮೆ ಕೆಲಸ ನೋಡಲು ಬಂದವರು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದನ್ನ ನಾನು ವರದಿಯಲ್ಲಿ ಹೇಗೆ ಬರೀಲಿ ಸಾರ್?” ಎಂದರು. “ಹಳದಿ ಗುರುತು ಅಂತ ಬರೀರಲ್ಲ” ಎಂದರು ಇವರು. ಪಾಸ್ ಸಿಕ್ಕಿತು.

ಇಷ್ಟೆಲ್ಲ ಮಾಡಿದವರು ತಮ್ಮದೊಂದನ್ನು ಕಟ್ಟದೇ ಹೋದರು. ಭಾಲ್ಕಿಯಲ್ಲಿ ಒಮ್ಮೆ ಟ್ಯಾಂಕಿನ ಬಾಯಿಯ ಹತ್ತಿರ ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದರಂತೆ. ಮೈಯೆಲ್ಲ ಬೆವರಿತ್ತಂತೆ. “ಹೊಟ್ಟ್ಯಾಗ ಗ್ಯಾಸ್ ಆಗ್ಯಾದ, ಮನ್ಯಾಗ ಹೇಳಬ್ಯಾಡ” ಎಂದು ಖಾಜಾಭಾಯಿಗೆ ಅಂದಿದ್ದರಂತೆ. ಮುಂದೆ ಸ್ವಲ್ಪ ದಿನಕ್ಕೇ ಮನೆಯಲ್ಲಿ, ಕುರ್ಚಿಯ ಮೇಲೆ, ಬೂಟು ಬಿಚ್ಚುತ್ತಾ ಹೋದರು. ಮಣ್ಣಿನ ದಿನ ಖಾಜಾಭಾಯಿ ಇದನ್ನು ಹೇಳಿ ಗೋಡೆಗೆ ತಲೆಯಿಟ್ಟು ಅತ್ತರು. ನಾನು ಅವರನ್ನು ಬೈಯಲಿಲ್ಲ. ತಮ್ಮ ಸಾಬ್‌ನ ಮಾತು ಅವರು ಯಾವತ್ತೂ ಮೀರಿದವರಲ್ಲ.

ಕೆಲಸ ಈಗ ನಾನು ನಡೆಸುತ್ತಿದ್ದೇನೆ. ಪಾಸಿನ ಅವಧಿ ಮುಗಿಯುತ್ತಾ ಬಂದಿದೆ, ಮತ್ತೆ ಅರ್ಜಿ ಹಾಕಬೇಕು. ಸುರಕ್ಷತೆಯ ಹೊಣೆ ಯಾರದು ಎಂಬಲ್ಲಿ ನಮ್ಮ ಮನೆಯವರ ಹೆಸರು ಅಳಿಸಿ ಖಾಜಾಭಾಯಿಯ ಹೆಸರು ಬರೆಯುತ್ತೇನೆಂದೆ.

“ಸಾಬ್‌ನ ಜಾಗಾದಾಗ ನನ್ನ ಹೆಸರಾ? ನಕ್ಕೋ ಭಾಭಿ.”

“ಜಾಗಾ ಅವರದೇ ಇರ್ಲಿ ಖಾಜಾಭಾಯಿ. ಕೆಲಸ ನೀವು ಮಾಡ್ರಿ.”

ಒಪ್ಪಿದರು. ಆದರೆ ಅದಕ್ಕಿಂತ ದೊಡ್ಡ ತೊಡಕು ಬೇರೆಯೇ ಇತ್ತು. ನಮ್ಮ ಮನೆಯವರು ಹೋದಾಗಿನಿಂದ ಎಲ್ಲೂ ಒಂದು ನಿಂಬೆಹಣ್ಣು ಕಂಡಿರಲಿಲ್ಲ. ಬುಟ್ಟಿಯಲ್ಲಿದ್ದವು ಒಣಗಿ ಕಲ್ಲಾಗಿದ್ದವು. ಕೆಲಸದವರನ್ನು ಕೇಳಿದರೆ, “ಎಲ್ಲ ಛಲೋ ನಡದದ್ರಿ ಭಾಭಿ. ನೀವು ಮೊದಲೇ ದುಃಖದಾಗ ಅದೀರಿ, ಯಾಕ ತ್ರಾಸ ತೊಗೋತೀರಿ” ಎನ್ನುತ್ತಿದ್ದರು. ಮತ್ತೆ ಸೊನ್ನೆ ಬರೆದರೆ ಪಾಸ್ ಹೋಗುತ್ತದೆ, ಇಷ್ಟು ಮನೆಗಳ ಒಲೆ ಅದರ ಮೇಲಿದೆ. ಪಾಸ್ ಉಳಿದರೂ ನನ್ನ ಭಯ ಹೋಗುವುದಿಲ್ಲ. ಹೇಳದೆ ಇಟ್ಟುಕೊಂಡದ್ದು ಏನು ಮಾಡುತ್ತದೆಂದು ನಮ್ಮ ಮನೆಯಲ್ಲೇ ನೋಡಿದ್ದೇನೆ.

ಬೆಳಿಗ್ಗೆ ನಿಂಬೆಹಣ್ಣು ಹೆಚ್ಚುತ್ತಿದ್ದವಳಿಗೆ ನಿನ್ನೆಯದು ನೆನಪಾಯಿತು. ಜನವಾಡದ ರಸ್ತೆಯಲ್ಲಿ ಸ್ಕೂಟಿಯ ಬ್ರೇಕ್ ಹತ್ತದೆ, ಮುಂದಿದ್ದ ಬಸ್ಸಿನ ಹಿಂಬದಿಗೆ ಗೇಣು ಅಂತರದಲ್ಲಿ ನಿಂತಿದ್ದೆ. ಮನೆಗೆ ಬಂದು ನೀರು ಕುಡಿದು ಸುಮ್ಮನಾಗಿದ್ದೆ. ಯಾರಿಗೂ ಹೇಳಿರಲಿಲ್ಲ. ನಾನೂ ಅವರ ಹೆಂಡತಿಯೇ ಅಲ್ಲವೇ.

ಉಳಿದ ಹಣ್ಣುಗಳನ್ನು ಚೀಲಕ್ಕೆ ಹಾಕಿಕೊಂಡು, ಬುದ್ಧನ ಪಟದ ಕಡೆ ಕಣ್ಣೆತ್ತದೆ ಹೊರಗೆ ಬಂದೆ. ಒಂದನ್ನು ಸ್ಕೂಟಿಯ ಬ್ರೇಕಿನ ಹಿಡಿಕೆಗೆ ದಾರದಿಂದ ಕಟ್ಟಿದೆ. ಗಾಡಿಯನ್ನು ಮೆಲ್ಲಗೆ ತಳ್ಳಿಕೊಂಡೇ ನಮ್ಮ ಶೆಡ್ಡಿಗೆ ಹೋದೆ. ಟೆಂಪೊಗೆ ಸಾಮಾನು ಏರಿಸುತ್ತಿದ್ದವರೆಲ್ಲ ಕೈ ನಿಲ್ಲಿಸಿ ಹಣ್ಣನ್ನು ನೋಡಿದರು, ಆಮೇಲೆ ನನ್ನನ್ನು. ಖಾಜಾಭಾಯಿ ಪಾನಾ ತಂದು ಸ್ಕೂಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬ್ರೇಕಿನ ತಂತಿ ಬಿಗಿದರು, ಚಕ್ರ ತಿರುಗಿಸಿ ಹಿಡಿದು ನೋಡಿದರು, ಮತ್ತೆ ಬಿಗಿದರು. ನಾನು ಹಣ್ಣು ಬಿಚ್ಚಿಕೊಂಡೆ.

ಅವರು ಎದ್ದು ಕೈ ಒರೆಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದರು:

“ಭಾಭಿ, ಚೀಲದಾಗ ಇನ್ನೊಂದು ನಿಂಬಿಹಣ್ಣು ಅದೇನ್ರಿ?”

ಇತ್ತು. ಕೊಟ್ಟೆ. ಅದನ್ನು ಹಿಡಿದುಕೊಂಡು ಅವರು ಕಂಪ್ರೆಸರಿನ ಕಡೆ ನಡೆದರು. ನಾನೂ ಹಿಂದೆಯೇ ಹೋದೆ. ಎಲ್ಲಿ ಕಟ್ಟುತ್ತಾರೆಂದು ನೋಡಬೇಕಲ್ಲ.