ಅಧಿಕಾರಿಗಳು ಮುಖ ತೊಳೆದ ನೀರು

ಆರೋಗ್ಯಾಧಿಕಾರಿಗಳು ಕೊಳಕ್ಕೆ ಬಗ್ಗಿ ಬೊಗಸೆ ತುಂಬ ನೀರೆತ್ತಿ ಮುಖ ತೊಳೆದುಕೊಂಡರು. ತಡೆಯಬೇಕೆಂದು ನಾನು ಮುಂದೆ ಬರುವಷ್ಟರಲ್ಲಿ ತೊಳೆದಾಗಿತ್ತು.

ಎಂಬತ್ತರ ದಶಕದ ಆರಂಭದಲ್ಲಿ ನಾನು ಪುತ್ತೂರಿನ ಹಾಸ್ಟೆಲೊಂದರ ವಾರ್ಡನ್. ಮಕ್ಕಳು ಮಿಂದ ನೀರನ್ನು ಜಲ್ಲಿ, ಮರಳು ತುಂಬಿದ ಗುಂಡಿಗೆ ಬಿಟ್ಟು, ಕೊಳೆ ಹೀರುವ ಕಾಬಾಳೆ ಹೂಗಿಡಗಳ ಬುಡದಲ್ಲಿ ಹಾಯಿಸಿ, ಸೋಸಿ ಬಂದದ್ದನ್ನು ತರಕಾರಿಗೆಂದು ಆ ಕೊಳದಲ್ಲಿ ನಿಲ್ಲಿಸುತ್ತಿದ್ದೆ. ಅದು ನಾರುತ್ತದೆಂದು ನೆರೆಯವರು ದೂರು ಕೊಟ್ಟಿದ್ದರು. ಅದರ ತನಿಖೆಗೇ ಅಧಿಕಾರಿಗಳು ಬಿಸಿಲಲ್ಲಿ ಗುಡ್ಡೆ ಹತ್ತಿ ಬಂದದ್ದು.

“ಎಂಥ ತಂಪು ನೀರು! ಸರಿ, ಆ ನಾರುವ ನೀರು ಎಲ್ಲುಂಟು, ತೋರಿಸಿ” ಎಂದರು, ಮುಖ ಒರೆಸುತ್ತಾ.

ನಾನು ತಡವರಿಸುವಷ್ಟರಲ್ಲಿ ಅಡುಗೆಯ ಕಮಲಕ್ಕ, “ಅಯ್ಯೋ ಮಾರಾಯ್ರೆ, ನೀವು ಮುಖ ತೊಳೆದದ್ದು ಅದರಲ್ಲೇ! ಮಕ್ಕಳು ಮಿಂದ ನೀರು ಅದು” ಎಂದುಬಿಟ್ಟರು.

ಕೊಳ ಮುಚ್ಚಿಸುವುದು ಖಂಡಿತ ಎಂದುಕೊಂಡೆ. ಅಧಿಕಾರಿಗಳು ಒದ್ದೆ ಕರವಸ್ತ್ರವನ್ನು ಎರಡು ಸಲ ಮೂಸಿ ನೋಡಿ, ಪೆನ್ನು ತೆಗೆದು ದೂರಿನ ಮೇಲೆ ‘ವಾಸನೆ ಇಲ್ಲ’ ಎಂದು ಬರೆದರು. ಕಮಲಕ್ಕ ಕೊಡಹೋದ ಕಾಫಿ ಮಾತ್ರ ಬೇಡವೇ ಬೇಡ ಎಂದರು.

ಕೊಳ ಉಳಿಯಿತು. ಆದರೆ ಆ ನೀರು ಶುದ್ಧವೆಂದು ಊರಿಗೆಲ್ಲ ಭಾಷಣ ಮಾಡಿದ್ದ ನಾನು, ಅಂದಿನವರೆಗೆ ಅದಕ್ಕೆ ಒಂದು ಬೆರಳನ್ನೂ ಅದ್ದಿರಲಿಲ್ಲ. ಅದು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.